ಚಿಕ್ಕಪ್ಪ ಕಟ್ಟಿದ ಡಬ್ಬ

ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದ ಕೂಡಲೇ ಮೊದಲು ವಿಚಾರಿಸಿಕೊಳ್ಳುತ್ತಿದ್ದದ್ದು ಲಾರಿಯ ಆರೋಗ್ಯವನ್ನು. ದೇವರ ದೀಪ, ಹಾಲು, ನನ್ನ ಸ್ಕೂಲು, ಅಜ್ಜಿಯ ಮಂಡಿನೋವು ಎಲ್ಲ ಆಮೇಲೆ. ಗೊರಗುಂಟೆಪಾಳ್ಯದ ಹಳೇ ಊರಿನಲ್ಲಿ ನಮ್ಮದು ಹೆಂಚಿನ ಮನೆ. ಈಗ ಆ ಜಾಗ ತೋರಿಸಬೇಕೆಂದರೆ ಮೇಲ್ಸೇತುವೆಯ ಕಂಬಗಳ ನಡುವೆ ನಿಂತು ಗಾಳಿಯಲ್ಲಿ ಕೈಯಾಡಿಸಬೇಕು; ಮೊಮ್ಮಗಳು ಕೇಳಿದಳೆಂದು ಒಮ್ಮೆ ಹಾಗೆ ಮಾಡಲು ಹೋಗಿ ಆಟೋದವರ ಬಾಯಿಗೆ ಸಿಕ್ಕಿಕೊಂಡೆ. ನಡುಮನೆ, ಅಡುಗೆಮನೆ, ಹಿಂದೆ ಬಚ್ಚಲು, ಪಕ್ಕದಲ್ಲಿ ಒಂದು ಉದ್ದನೆಯ ಕೋಣೆ. ಆ ಕೋಣೆಯಲ್ಲಿ ಹಳೇ ಟೈರು, ಜಾಕು, ಮಡಚಿಟ್ಟ ಟಾರ್ಪಾಲು, ಹಗ್ಗದ ಸುರುಳಿಗಳು, ಇವುಗಳ ನಡುವೆ ಒಂದು ಕಬ್ಬಿಣದ ಮಂಚ, ಮಂಚದ ಮೇಲೆ ನನ್ನ ಚಿಕ್ಕಪ್ಪ ಕಿಟ್ಟಿ. ಅಪ್ಪನ ಒಬ್ಬನೇ ತಮ್ಮ, ನಮ್ಮ ಲಾರಿಯ ಡ್ರೈವರು. ಮದುವೆಯ ಮಾತೆತ್ತಿದರೆ ಈ ಮಂಚ ಸಣ್ಣದು ಎನ್ನುತ್ತಿದ್ದ. ಆ ಕೋಣೆಯ ಇಂಜಿನ್ ಆಯಿಲ್ ವಾಸನೆ ಗೋಡೆ ದಾಟಿ ಅಡುಗೆಮನೆಗೂ ಬರುತ್ತಿತ್ತು. ನಮ್ಮನೆ ಸಾರಿಗೆ ಒಗ್ಗರಣೆ ಲಾರಿಯೇ ಹಾಕುತ್ತದೆ ಎಂದು ಅಮ್ಮ ಗೊಣಗುತ್ತಿದ್ದಳು. ನನಗೆ ಮಾತ್ರ ಆ ವಾಸನೆ ಇಷ್ಟ. ಇವತ್ತಿಗೂ ಯಾವುದಾದರೂ ಗ್ಯಾರೇಜಿನ ಮುಂದೆ ಹಾದುಹೋದರೆ ಹೊಟ್ಟೆ ಹಸಿದಂತಾಗುತ್ತದೆ.

ಅಪ್ಪನ ಬೆಳಗಿನ ಪೂಜೆ ಒಂದೇ. ಕಾಫಿ ಲೋಟ ಹಿಡಿದು ಬಾಗಿಲಾಚೆ ಬರುತ್ತಿದ್ದ. ಮೂತಿ ಮುಂದಿದ್ದ ಆ ಹಳೇ ಕಾಲದ ಲಾರಿ ನಮ್ಮ ಹೊಸಿಲಿಗೆ ಮುಖ ಮಾಡಿ ನಿಂತಿರುತ್ತಿತ್ತು, ಮನೆಗೆ ಬಂದ ನೆಂಟನ ಹಾಗೆ. ಅಪ್ಪ ಬಾನೆಟ್ ಎತ್ತಿ, ಇಂಜಿನ್ ಪಕ್ಕದಿಂದ ಗೇಜು ಎಳೆಯುತ್ತಿದ್ದ. ಗೇಜು ಅಂದರೆ ಒಳಗೆ ಆಯಿಲ್ ಎಷ್ಟಿದೆ ಎಂದು ತೋರಿಸುವ ತೆಳ್ಳನೆಯ ಉಕ್ಕಿನ ಪಟ್ಟಿ; ತುದಿಯಲ್ಲಿ ಮೇಲೊಂದು ಗೆರೆ, ಕೆಳಗೊಂದು ಗೆರೆ. ಹರಿದ ಬನಿಯನ್ ತುಂಡಿನಿಂದ ಅದನ್ನು ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು, ಬೆಳಕಿಗೆ ಅಡ್ಡ ಹಿಡಿದು ನೋಡುತ್ತಿದ್ದ. ಆಯಿಲ್ ಮೇಲಿನ ಗೆರೆ ಮುಟ್ಟಿದ್ದರೆ ಅವತ್ತು ಉಪ್ಪಿಟ್ಟು ಸೀದಿದ್ದರೂ ರುಚಿ. ಇಳಿದಿದ್ದರೆ ಮನೆಯವರೆಲ್ಲ ಸದ್ದು ಮಾಡದೆ ಓಡಾಡಬೇಕು. ನಾನು ಅಪ್ಪನ ಮುಖ ನೋಡಿಯೇ ಇವತ್ತು ಹೊಸ ಪೆನ್ಸಿಲ್ ಕೇಳಬಹುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದೆ. ಗೇಜು ಓದಲು ನಾನು ಅಕ್ಷರ ಓದುವುದಕ್ಕಿಂತ ಮೊದಲೇ ಕಲಿತೆ ಅಂದರೆ ಹೆಚ್ಚಲ್ಲ.

ಲಾರಿಯ ಕೆಲಸ ಅಣ್ಣತಮ್ಮಂದಿರ ನಡುವೆ ಹಂಚಿಕೆಯಾಗಿತ್ತು. ಯಶವಂತಪುರದ ಯಾರ್ಡಿನಿಂದ ಈರುಳ್ಳಿ ತುಂಬಿಕೊಂಡು ಮಂಗಳೂರಿಗೆ ಇಳಿಯುವುದು, ಅಲ್ಲಿಂದ ಹೆಂಚು ಹೇರಿಕೊಂಡು ಶಿರಾಡಿ ಘಾಟಿ ಹತ್ತಿ ಬರುವುದು ಚಿಕ್ಕಪ್ಪನ ಪಾಲು, ಏಕೆಂದರೆ ಅಪ್ಪನಿಗೆ ಸೊಂಟನೋವು. ಚಿಕ್ಕಪ್ಪ ಬಂದು ನಿದ್ದೆ ತೀರಿಸಿಕೊಳ್ಳುವ ದಿನಗಳಲ್ಲಿ ಅಪ್ಪ ಅದೇ ಲಾರಿಯಲ್ಲಿ ಮಾಕಳಿ ಕಡೆಯ ಗೋಡೌನುಗಳಿಗೆ ಲೋಕಲ್ ಲೋಡು ಹೊಡೆಯುತ್ತಿದ್ದ. ತುಮಕೂರು ರಸ್ತೆ ಆಗ ಖಾಲಿ, ನೆಲ ಸಪಾಟು, ಲಾರಿಗೆ ಅದೊಂದು ವಾಕಿಂಗ್ ಇದ್ದಂತೆ. ಘಾಟಿಯ ಕಷ್ಟವೆಲ್ಲ ಒಬ್ಬನಿಗೆ, ಸಪಾಟು ರಸ್ತೆ ಇನ್ನೊಬ್ಬನಿಗೆ. ಈ ಹಂಚಿಕೆಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಮ್ಮ ಮನೆ ಬಿರುಕು ಬಿಟ್ಟದ್ದು ಇದರಿಂದಲೇ.

ಘಾಟಿಯಲ್ಲಿ ನಮ್ಮ ಲಾರಿ ತುಂಬು ಬಸುರಿಯ ಹಾಗೆ ಹತ್ತುತ್ತಿತ್ತು. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ಅದನ್ನು ಚಿಕ್ಕಪ್ಪ ನಗುನಗುತ್ತಾ ಹೇಳಿದರೆ ಅಪ್ಪನಿಗೆ ಮೈ ಉರಿಯುತ್ತಿತ್ತು. ಕೊನೆಗೊಂದು ದಿನ ಗುಜರಿಯಿಂದ ಒಂದು ಟರ್ಬೊ ತಂದ. ಹೊಗೆಯ ರಭಸದಲ್ಲೇ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ನೂಕುವ, ಬಸವನಹುಳುವಿನ ಆಕಾರದ ಸಾಮಾನು ಅದು. ಹಳೇ ಇಂಜಿನ್‌ಗೆ ಅದನ್ನು ಕೂರಿಸುವುದು ಬೇಡ ಎಂದು ಯಾರ್ಡಿನವರೆಲ್ಲ ಹೇಳಿದರು. ಹತ್ತು ಜನ ಬೇಡ ಅಂದ ಕೆಲಸವನ್ನು ಮಾಡದೆ ಬಿಡುವ ಜಾಯಮಾನ ಅಪ್ಪನದಲ್ಲ. ಯಶವಂತಪುರದ ಬಷೀರ್ ಭಾಯ್ ಶೆಡ್ಡಿನಲ್ಲಿ ಇಂಜಿನ್ ಬಿಚ್ಚಿಸಿ, ಲೈನರು, ಪಿಸ್ಟನ್, ರಿಂಗು ಎಲ್ಲ ಹೊಸದು ಹಾಕಿಸಿ, ಟರ್ಬೊ ಕೂರಿಸಿಕೊಂಡು ಬಂದ. ಹೊಸಿಲ ಮುಂದೆ ನಿಂಬೆಹಣ್ಣು ತುಳಿಸಿ, ಸೇರಿದ್ದ ಅಕ್ಕಪಕ್ಕದವರ ಎದುರಿಗೆ ಮೀಸೆ ತಿರುವಿ ಸಾರಿದ.

"ಎಲ್ಲಾ ಹೊಸಾ ಮಾಲು. ಇನ್ಮೇಲೆ ಈ ಇಂಜಿನ್ ಒಂದ್ ತೊಟ್ಟು ಆಯಿಲ್ ಕುಡಿದ್ರೂ ಈ ಮೀಸೆ ಬೋಳಿಸಿ ಕೈಗ್ ಕೊಡ್ತೀನಿ, ನೋಡ್ಕೊಳಿ."

ಮೊದಲ ಟ್ರಿಪ್ಪು ಮುಗಿಸಿ ಬಂದ ಚಿಕ್ಕಪ್ಪ ಲಾರಿ ನಿಲ್ಲಿಸುವ ಮೊದಲೇ ಕಿಟಕಿಯಿಂದ ಕೂಗಿದ.

"ಅಣ್ಣಾ! ಗುಂಡ್ಯ ಬಿಟ್ ಮೇಲೆ ಘಾಟೀಲಿ ಎಲ್ಲೂ ನಿಲ್ಲಿಸ್ಲಿಲ್ಲ. ಇವತ್ತು ನಾನು ಹಾರ್ನ್ ಹೊಡೆದೆ ಕಣಣ್ಣಾ, ಬೇರೆಯವ್ರು ಜಾಗ ಬಿಟ್ರು!"

ಅಪ್ಪ ಅವನ ಬೆನ್ನಿಗೆ ಒಂದು ಗುದ್ದಿದ. ಅಣ್ಣತಮ್ಮಂದಿರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಕಂಡದ್ದು ಅದೇ ಕೊನೆ.

ಹೊಸ ಇಂಜಿನ್ ಜೊತೆ ಒಂದು ಹೊಸ ಪೀಡೆಯೂ ಬಂತು. ಎಂಥ ಬಿಗಿಯಾದ ಇಂಜಿನ್ ಆದರೂ ಉರಿದ ಗಾಳಿ ಒಂದಿಷ್ಟು ಪಿಸ್ಟನ್ ಸಂದಿಯಿಂದ ಕೆಳಕ್ಕೆ, ಆಯಿಲ್ ಇರುವ ಚೇಂಬರಿಗೆ ಜಾರುತ್ತದೆ. ಅದು ಹೊರಗೆ ಹೋಗಲೆಂದೇ ಒಂದು ಪೈಪು ಇರುತ್ತದೆ, ಬ್ರೀದರ್ ಎನ್ನುತ್ತಾರೆ, ಇಂಜಿನ್‌ನ ಮೂಗು ಎಂದುಕೊಳ್ಳಿ. ಗಾಳಿಯ ಜೊತೆ ಆಯಿಲ್ ಹನಿಯೂ ಸ್ವಲ್ಪ ಬರುತ್ತದೆ. ಟರ್ಬೊ ಹಾಕಿದ ಮೇಲೆ ಒಳಗಿನ ಒತ್ತಡ ಜಾಸ್ತಿಯಾಗಿ ಆ ಮೂಗು ಸದಾ ಸೋರತೊಡಗಿತು. ಇದನ್ನೆಲ್ಲ ನಾನು ತಿಳಿದದ್ದು ಬಹಳ ಆಮೇಲೆ. ಆಗ ನಮ್ಮ ಮನೆಗೆ ಗೊತ್ತಿದ್ದದ್ದು ಇಷ್ಟೇ: ಲಾರಿಯ ಮೂತಿ ನಿಲ್ಲುವ ಜಾಗವೂ ಅಮ್ಮ ರಂಗೋಲಿ ಹಾಕುವ ಜಾಗವೂ ಒಂದೇ. ಅಮ್ಮ ಸಗಣಿ ಸಾರಿಸಿ, ಚುಕ್ಕಿ ಇಟ್ಟು, ಬಾಗಿದ ಸೊಂಟ ನೆಟ್ಟಗೆ ಮಾಡುವ ಮೊದಲೇ ಹೂವಿನ ನಡುವೆ ಕರೀ ಹನಿ ಬಿದ್ದಿರುತ್ತಿತ್ತು. ಲಾರಿಯನ್ನು ಸ್ವಲ್ಪ ಹಿಂದಕ್ಕೆ ನಿಲ್ಲಿಸೋಣವೆಂದರೆ ಓಣಿಯಲ್ಲಿ ಎತ್ತಿನಗಾಡಿಗೂ ಜಾಗ ಉಳಿಯುತ್ತಿರಲಿಲ್ಲ. ಅಮ್ಮ ಬಾಯಿಬಿಟ್ಟು ಏನೂ ಅನ್ನದೆ ಪೊರಕೆಯನ್ನು ಸ್ವಲ್ಪ ಜೋರಾಗಿ ಗೋಡೆಗೆ ಒರಗಿಸುತ್ತಿದ್ದಳು. ಅನ್ನುವ ಕೆಲಸ ಅಜ್ಜಿಯದು.

"ಲಕ್ಷ್ಮಿ ಬರೋ ಜಾಗ್ದಾಗೆ ಇಂಗೆ ಕರೀ ಎಣ್ಣೆ ಉಯ್ದ್ರೆ ಯಾವ್ ದೇವ್ರು ಒಳಕ್ ಕಾಲಿಕ್ಕೀತು? ನಿಮ್ ಲಾರಿಗೇನ್ ನೆಗಡೀನಾ?"

ಚಿಕ್ಕಪ್ಪನಿಗೆ ಅಮ್ಮನೆಂದರೆ ಬಹಳ ಪ್ರೀತಿ. ಮದುವೆಯಾಗಿ ಅಮ್ಮ ಈ ಮನೆಗೆ ಬಂದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅವಳ ಕೈತುತ್ತು ತಿಂದವನು. ಒಂದು ಭಾನುವಾರ ನನ್ನ ಬಳಪ ಇಡುವ ಹಾಲುಪುಡಿ ಡಬ್ಬವನ್ನು ಕೇಳಿ ತೆಗೆದುಕೊಂಡ. ಬದಲಿಗೆ ಮಂಗಳೂರಿನಿಂದ ಕಪ್ಪೆಚಿಪ್ಪು ತಂದುಕೊಡುವುದೆಂದು ಒಪ್ಪಂದವಾಯಿತು, ತಂದೂ ಕೊಟ್ಟ. ಡಬ್ಬದ ಮುಚ್ಚಳ ಕೊರೆದು ಬ್ರೀದರ್ ಪೈಪಿನ ತುದಿಯನ್ನು ಅದರೊಳಗೆ ಇಳಿಸಿದ. ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ತಂತಿ ಬಿಗಿದ. ಮುಚ್ಚಳದ ಸುತ್ತಲೂ ಹಾಗೇ. ಅವನ ಕೈಕೆಲಸ ಯಾವಾಗಲೂ ಅಚ್ಚುಕಟ್ಟು; ಟಾರ್ಪಾಲಿನ ಗಂಟನ್ನೂ ಜಡೆ ಹೆಣೆದ ಹಾಗೆ ಹಾಕುತ್ತಿದ್ದ. ಕೊನೆಗೆ ಮುಚ್ಚಳದ ಮೇಲೆ ಮೊಳೆಯಿಂದ ಒಂದೇ ಒಂದು ಸಣ್ಣ ತೂತು ಹೊಡೆದು, ಗಾಳಿ ಆಡಲು ಇಷ್ಟಿರಲಿ ಎಂದ. ಪಕ್ಕದಲ್ಲಿ ನಿಂತಿದ್ದ ಅಮ್ಮ ಅನುಮಾನದಿಂದ ಬಗ್ಗಿ ನೋಡಿದಳು.

"ಅಷ್ಟು ಸಣ್ಣ ತೂತು ಸಾಕೇನೋ ಕಿಟ್ಟಿ?"

"ಸಾಕು ಬಿಡಿ ಅತ್ತಿಗೆ. ದೊಡ್ಡದು ಮಾಡಿದ್ರೆ ಅದ್ರಿಂದ್ಲೂ ಉಗುಳುತ್ತೆ, ನಿಮ್ ರಂಗೋಲಿ ಮೇಲೇನೇ. ನಾಳೆಯಿಂದ ನವಿಲು ಬೇಕಾದ್ರೂ ಬಿಡ್ಸಿ."

ಮಾರನೇ ದಿನ ಅಮ್ಮ ನಿಜವಾಗಿಯೂ ನವಿಲು ಬಿಡಿಸಿದಳು. ಒಂದು ಹನಿ ಬೀಳಲಿಲ್ಲ. ಅಪ್ಪನೂ ಬಗ್ಗಿ ಡಬ್ಬ ನೋಡಿ, ಪರವಾಗಿಲ್ಲ ಕಣೋ ನೀನು ಎಂದ. ಆ ವಾರವೆಲ್ಲ ನಮ್ಮ ಹೊಸಿಲ ಮುಂದೆ ಹಬ್ಬದ ಕಳೆ.

ಆಯಿಲ್ ಇಳಿಯತೊಡಗಿದ್ದು ಅದಾದ ಮೇಲೆ. ಚಿಕ್ಕಪ್ಪ ಮಂಗಳೂರಿಗೆ ಹೋಗಿ ಬಂದಾಗೆಲ್ಲ ಗೇಜಿನಲ್ಲಿ ಆಯಿಲ್ ಕೆಳಗಿನ ಗೆರೆಗೆ ಬಂದಿರುತ್ತಿತ್ತು. ಅಪ್ಪ ಮತ್ತೆ ತುಂಬಿಸಿ ಮಾಕಳಿಗೆ ಓಡಾಡಿದರೆ ಕೂದಲೆಳೆಯಷ್ಟೂ ಕಮ್ಮಿಯಾಗುತ್ತಿರಲಿಲ್ಲ. ಸೈಲೆನ್ಸರಿನಲ್ಲಿ ಹೊಗೆ ಬರುತ್ತಿತ್ತು, ನಿಜ. ಆದರೆ ಆ ಕಾಲದಲ್ಲಿ ಹೊಗೆ ಬಿಡದ ಲಾರಿ ಯಾವುದಿತ್ತು? ಅಪ್ಪ ಮೊದಮೊದಲು ಸುಮ್ಮನಿದ್ದ. ಬೆಳಗ್ಗೆ ಗೇಜು ಒರೆಸಿ ನೋಡುವುದು, ಚಿಕ್ಕಪ್ಪ ಮಲಗಿದ್ದ ಕೋಣೆಯ ಕಡೆ ನೋಡುವುದು, ಕಾಫಿ ಪೂರ್ತಿ ಕುಡಿಯದೆ ಚೆಲ್ಲುವುದು. ದಾರಿಯಲ್ಲಿ ಆಯಿಲ್ ಇಳಿಸಿ ಮಾರಿಕೊಳ್ಳುವ ಡ್ರೈವರುಗಳ ಕಥೆಗಳು ಯಾರ್ಡಿನಲ್ಲಿ ಬೇಕಾದಷ್ಟಿದ್ದವು, ಕಿವಿಗೆ ಬೀಳಿಸುವವರೂ ಇದ್ದರು. ಅಪ್ಪನ ಎದುರಿಗೆ ಇದ್ದದ್ದು ಎರಡೇ ದಾರಿ. ಇಂಜಿನ್ ಕುಡಿಯುತ್ತಿದೆ ಅನ್ನಬೇಕು, ಇಲ್ಲವೇ ತಮ್ಮ ಕದಿಯುತ್ತಿದ್ದಾನೆ ಅನ್ನಬೇಕು. ಹತ್ತು ಜನರ ಮಾತು ಮೀರಿ ಕಟ್ಟಿಸಿದ ಇಂಜಿನ್ನನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಾಗಲಿಲ್ಲ. ತಮ್ಮನನ್ನು ಬಿಟ್ಟುಕೊಟ್ಟ. ಇದನ್ನು ಬರೆಯುವಾಗ ಅಪ್ಪನ ಮೇಲೆ ಇಷ್ಟು ವರ್ಷಗಳ ಮೇಲೂ ನನಗೆ ಸಿಟ್ಟು ಬರುತ್ತದೆ, ಆಮೇಲೆ ಅಯ್ಯೋ ಅನಿಸುತ್ತದೆ.

ಜಗಳ ನಡೆದದ್ದು ಊಟದ ಹೊತ್ತಿನಲ್ಲಿ. ನಮ್ಮ ಮನೆಯ ಜಗಳಗಳೆಲ್ಲ ಮುದ್ದೆಯ ಮುಂದೆಯೇ ಆಗುತ್ತಿದ್ದವು, ಏಕೆಂದರೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದದ್ದು ಆಗ ಮಾತ್ರ. ಅವತ್ತು ಹಿತಕಬೇಳೆ ಸಾರು. ಚಿಕ್ಕಪ್ಪ ಅದೇ ತಾನೇ ಮಂಗಳೂರಿನಿಂದ ಬಂದು ಮುಖ ತೊಳೆದು ಕೂತಿದ್ದ. ಅವನು ಬಚ್ಚಲಲ್ಲಿದ್ದಾಗಲೇ ಅಪ್ಪ ಹೋಗಿ ಬಾನೆಟ್ ಎತ್ತಿ ನೋಡಿ ಬಂದಿದ್ದ. ಅಮ್ಮ ಎರಡನೇ ಸಲ ಸಾರು ಬಡಿಸುವಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ಕೇಳಿದ.

"ಗೇಜು ಯಾಕೋ ಎಳೆದಿದ್ದೆ?"

"ನಾನಾ? ಇಲ್ವಲ್ಲ ಅಣ್ಣ."

"ಬೆರಳುದ್ದ ಮೇಲೆ ಎದ್ದು ನಿಂತೈತೆ. ಆಯಿಲ್ ಮುಚ್ಚಳದ ಸುತ್ತ ಒದ್ದೆ. ಯಾರೋ ಬಿಚ್ಚಿ, ಅಳತೆ ನೋಡಿ, ಗಡಿಬಿಡೀಲಿ ಮುಚ್ಚಿದ ಹಂಗೈತೆ."

"ಅದು ಘಾಟಿ ಹತ್ತೋವಾಗೆಲ್ಲ ತಾನೇ ಎದ್ದು ನಿಂತ್ಕೊಳುತ್ತೆ ಅಣ್ಣ. ಒತ್ತಿ ಒತ್ತಿ ನಂಗೂ ಸಾಕಾಗೈತೆ. ಬಷೀರ್ ಭಾಯ್‌ಗೆ ಒಂದ್ಸಲ ತೋರ್ಸೋಣ ಅಂತ ನಾನೇ ಹೇಳೋನಿದ್ದೆ."

"ತಾನೇ ಎದ್ ನಿಂತ್ಕೊಳಕ್ಕೆ ಅದಕ್ಕೇನ್ ಕಾಲು ಬಂದಿದಾವಾ? ನಾನು ಓಡ್ಸಿದ್ರೆ ಇಳಿಯಲ್ಲ, ನೀನು ಓಡ್ಸಿದ್ರೆ ಇಳಿಯುತ್ತೆ. ಅಂದ್ರೆ ಕುಡೀತಿರೋದು ಇಂಜಿನ್ ಅಲ್ಲ."

ಅಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ಚಿಕ್ಕಪ್ಪನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ನೋಡಿದ್ದು ಅಪ್ಪನನ್ನಲ್ಲ, ಅಜ್ಜಿಯನ್ನು. ಹೆತ್ತವಳು ಏನಾದರೂ ಹೇಳುತ್ತಾಳೆ ಎಂದು ಕಾದ. ಅಜ್ಜಿ ತನಗೆ ಗೊತ್ತಿದ್ದ ಒಂದೇ ಉಪಾಯ ಹೇಳಿದಳು. ನಮ್ಮ ಮನೆಯಲ್ಲಿ ಯಾವ ವ್ಯಾಜ್ಯವಾದರೂ ದೀಪ ಮುಟ್ಟಿ ಆಣೆಯಿಟ್ಟರೆ ಅಲ್ಲಿಗೆ ತೀರ್ಮಾನ. ಮತ್ತೆ ಯಾರೂ ಅದರ ಮಾತೆತ್ತುವಂತಿಲ್ಲ.

"ಓಗ್ಲಿ ಬಿಡ್ರಲಾ. ಕಿಟ್ಟೀ, ದೀಪ ಮುಟ್ಟಿ ಇಲ್ಲ ಅಂದ್ಬುಡು ಮಗಾ. ಅಲ್ಲಿಗ್ ಮುಗೀತದೆ."

"ದೀಪ ಮುಟ್ಟಿ ಹೇಳ್ಬೇಕೇನವ್ವಾ? ನಾನು? ನನ್ ಮನೇಲಿ?"

ಅವನು ದೀಪ ಮುಟ್ಟಲಿಲ್ಲ. ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದ. ಮುಟ್ಟಿದ್ದರೆ ಅಪ್ಪ ನಂಬುತ್ತಿದ್ದನೋ ಏನೋ. ಮುಟ್ಟದಿದ್ದದ್ದೇ ಸಾಕ್ಷಿಯಾಯಿತು. ಉದ್ದನೆಯ ಕೋಣೆಗೆ ಹೋಗಿ ಬಟ್ಟೆಯ ಚೀಲ ತೆಗೆದುಕೊಂಡು ಬಂದ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು, ಊಟ ಬಿಟ್ಟು ಹೋಗಬೇಡ, ನನ್ನಾಣೆ ಎಂದಳು. ಅವನು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ, ಪಕ್ಕಕ್ಕೆ ಸರಿದು, ಚಪ್ಪಲಿ ಮೆಟ್ಟಿಕೊಂಡ. ನಾನು ಹಿಂದೆ ಓಡಿದೆ. ಲಾರಿಯ ಹತ್ತಿರ ನಿಂತು, ಬಾನೆಟ್ ಎತ್ತಿ, ಮೇಲೆದ್ದು ನಿಂತಿದ್ದ ಗೇಜನ್ನು ಒತ್ತಿ ಸರಿಯಾಗಿ ಕೂರಿಸಿ, ನನ್ನ ಕೆನ್ನೆ ತಟ್ಟಿ ಹೋದ. ಕೈಯಲ್ಲಿ ಹಿತಕಬೇಳೆ ಸಾರಿನ ವಾಸನೆ ಇನ್ನೂ ಇತ್ತು.

ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಅಪ್ಪ ತಾನೇ ಮಂಗಳೂರಿಗೆ ಹೊರಟ. ಹೋಗುವಾಗ ಗೇಜಿನಲ್ಲಿ ಆಯಿಲ್ ಮೇಲಿನ ಗೆರೆಯಲ್ಲಿತ್ತು, ನನಗೂ ತೋರಿಸಿದ, ಇನ್ನು ನೋಡು ಎಂಬಂತೆ. ಅಪ್ಪ ವಾಪಸು ಬಂದಾಗ ಅದು ಕೆಳಗಿನ ಗೆರೆಗೆ ಇಳಿದಿತ್ತು. ಸ್ನಾನಕ್ಕೆ ನೀರು ಕಾದಿದೆ ಎಂದು ಅಮ್ಮ ಕರೆದರೆ ಕೇಳಿಸಲಿಲ್ಲ. ಲಾರಿಯ ಮುಂದೆ ಕುಕ್ಕರುಗಾಲಲ್ಲಿ ಕೂತೇ ಇದ್ದ. ಆ ಟ್ರಿಪ್ಪಿನಲ್ಲಿ ಏನು ನಡೆಯಿತೆಂಬುದನ್ನು ಅವನು ಬಷೀರ್ ಭಾಯ್‌ಗೆ ಹೇಳಿದ್ದನ್ನು ಪಕ್ಕದಲ್ಲಿ ನಿಂತು ನಾನು ಕೇಳಿಸಿಕೊಂಡೆ. ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ನನ್ನನ್ನೂ ಶೆಡ್ಡಿಗೆ ಕರೆದುಕೊಂಡು ಹೋಗಿದ್ದ. ಒಬ್ಬನೇ ಹೋಗಲು ಅವನಿಗೆ ಧೈರ್ಯ ಸಾಲಲಿಲ್ಲವೇನೋ ಎಂದು ಈಗ ಅನಿಸುತ್ತದೆ. ಹೆಂಚಿನ ಲೋಡು ಹೇರಿಕೊಂಡು ಶಿರಾಡಿ ಹತ್ತಿ ಮೇಲೆ ಬಂದು, ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿದನಂತೆ. ಅವನ ಕಣ್ಣೆದುರಿಗೇ ಗೇಜು ತಾನಾಗಿ ಮೇಲೆದ್ದು ನಿಂತಿತಂತೆ. ಸುತ್ತ ಒಂದು ನರಪಿಳ್ಳೆ ಇರಲಿಲ್ಲ.

ಬಷೀರ್ ಭಾಯ್ ಇಂಜಿನ್ ಚಾಲೂ ಮಾಡಿಸಿ, ಆಯಿಲ್ ಮುಚ್ಚಳ ಸಡಿಲಿಸಿದರು. ಬುಸ್ಸೆಂದು ಬಿಸಿಗಾಳಿ ನುಗ್ಗಿ ಅವರ ಗಡ್ಡಕ್ಕೆ ಆಯಿಲ್ ಸಿಡಿಯಿತು. ಆಮೇಲೆ ಕೆಳಗೆ ಬಗ್ಗಿ ಡಬ್ಬವನ್ನು ಕಂಡರು.

"ಅಣ್ಣಾ, ಇದು ಯಾರು ಕಟ್ಟಿದ್ದು? ಕೆಲ್ಸ ಏನೋ ನಂಬರ್ ಒನ್ ಮಾಡವ್ರೆ. ಆದ್ರೆ ಇಂಜಿನ್‌ಗೆ ಉಸ್ರು ಬಿಡಕ್ಕೇ ಜಾಗ ಇಲ್ಲ. ಟರ್ಬೊ ಇಂಜಿನ್, ಘಾಟಿ ಹತ್ತೋವಾಗ ಒಳಗಡೆ ಎಷ್ಟ್ ಗಾಳಿ ತುಂಬ್ಕೊಳ್ತದೆ! ಅದು ಈ ಮೊಳೆ ತೂತಲ್ಲಿ ಹೋಗ್ತದಾ? ಗೇಜು ಎತ್ತಿ ಹಾಕ್ತದೆ, ಸೀಲಲ್ಲಿ ಆಯಿಲ್ ತಳ್ತದೆ, ಟರ್ಬೊ ಒಳಗೂ ತಳ್ತದೆ, ಎಲ್ಲಾ ಸುಟ್ಟು ಹೊಗೆ. ಲೋಕಲ್ ಓಡ್ಸಿದ್ರೆ ಗೊತ್ತೇ ಆಗಲ್ಲ. ನಂದೂ ತಪ್ಪೈತೆ ಅಣ್ಣಾ, ಟರ್ಬೊ ಕೂರಿಸ್ದಾಗ್ಲೇ ಪೈಪು ದಪ್ಪಂದು ಹಾಕ್ಬೇಕಿತ್ತು. ನಾನು ನೋಡ್ಲಿಲ್ಲ."

ಪೈಪಿನಿಂದ ಕಳಚಿದ ಡಬ್ಬವನ್ನು ಅವರು ಗುಜರಿ ಗುಡ್ಡೆಗೆ ಎಸೆಯಲು ಕೈ ಎತ್ತಿದಾಗ ಅಪ್ಪ, ಇಲ್ಲಿ ಕೊಡಿ ಎಂದು ಇಸಿದುಕೊಂಡ. ಇಬ್ಬರೂ ಸೇರಿ ಹೊಸ ಏರ್ಪಾಡು ಮಾಡಿದರು. ಹಳೆಯದಕ್ಕಿಂತ ದುಪ್ಪಟ್ಟು ದಪ್ಪನೆಯ ಪೈಪು, ಅದರ ತುದಿಗೆ ದೊಡ್ಡ ಉಕ್ಕಿನ ಡಬ್ಬ. ಡಬ್ಬದೊಳಗೆ ಪಾತ್ರೆ ತಿಕ್ಕುವ ಉಕ್ಕಿನ ನಾರು ತುರುಕಿ, ಗಾಳಿ ಹೋಗಲು ಮೇಲೆ ಅಗಲವಾದ ಬಾಯಿ ಬಿಟ್ಟರು. ಆಯಿಲ್ ಹನಿ ನಾರಿಗೆ ಅಂಟಿ ತಳಕ್ಕೆ ಇಳಿಯುತ್ತದೆ. ತಳದಿಂದ ಒಂದು ಸಣ್ಣ ಪೈಪು ಅದನ್ನು ಮತ್ತೆ ಚೇಂಬರಿಗೆ ಮುಟ್ಟಿಸುತ್ತದೆ. ನಾರಿಗಾಗಿ ಅಪ್ಪ ಮನೆಗೆ ಬಂದಿದ್ದ, ಕೊಟ್ಟದ್ದು ಅಮ್ಮ. ಯಾಕೆಂದು ಕೇಳಿದಳು, ಅಪ್ಪ ಹೇಳಿದ. ಪೂರ್ತಿ ಕೇಳಿಸಿಕೊಂಡು ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

"ನನ್ ರಂಗೋಲಿಗೋಸ್ಕರ ಕಟ್ಟಿದ್ದು ಕಣ್ರೀ ಅದು. ಹಾಳಾಗೋಗ್ಲಿ ಬಿಡು ಕಿಟ್ಟಿ ಅಂತ ಒಂದ್ ಮಾತು ನನ್ ಬಾಯಲ್ಲಿ ಬರ್ಲಿಲ್ವಲ್ಲ."

ಮಾರನೇ ಬೆಳಗ್ಗೆ ಅಪ್ಪ ಬಚ್ಚಲಿಂದ ಬಂದಾಗ ಮುಖದಲ್ಲಿ ಮೀಸೆ ಇರಲಿಲ್ಲ. ಮೇಲ್ತುಟಿ ಬೆಳ್ಳಗೆ, ಯಾರದೋ ಮುಖದಂತೆ ಕಾಣುತ್ತಿತ್ತು. ನಮ್ಮ ಕಡೆ ಹೆತ್ತವರು ಸತ್ತಾಗ ಗಂಡಸರು ಮೀಸೆ ತೆಗೆಸುತ್ತಾರೆ. ಅಜ್ಜಿ ಗಾಬರಿಯಾಗಿ ಗೋಡೆ ಹಿಡಿದು ಎದ್ದು ನಿಂತಳು.

"ನಾನಿನ್ನೂ ಬದುಕಿವ್ನಿ ಕಣ್ಲಾ! ಯಾರ್ ಸತ್ರು ಅಂತ ಬೋಳಿಸ್ಕಂಡೆ?"

ಅಪ್ಪ ಕಾಫಿ ಲೋಟ ಹಿಡಿದು ಹೊರಗೆ ಹೋದ. ಬೀದಿಯ ಜನರ ಎದುರಿಗೆ ಇಂಜಿನ್ ಮೇಲೆ ಕಟ್ಟಿದ ಪಂತವನ್ನು ಅವನು ಹಾಗೆ ತೀರಿಸಿದ್ದ. ಗೇಜು ಎಳೆದು, ಒರೆಸಿ, ಇಳಿಸಿ, ಎಳೆದು ನೋಡಿದ. ಹೊಸ ಬ್ರೀದರ್ ಹಾಕಿದ ಮೇಲೆ ಆಯಿಲ್ ಇಳಿಯುವುದು ನಿಂತೇಹೋಯಿತು. ಘಾಟಿ ಹತ್ತಿ ಬಂದರೂ ಮೇಲಿನ ಗೆರೆಯ ಹತ್ತಿರವೇ ಇರುತ್ತಿತ್ತು. ಹಿಂದೆ ಅದನ್ನು ಕಂಡರೆ ಹಿಗ್ಗುತ್ತಿದ್ದ ಮನುಷ್ಯ ಈಗ ಗೇಜು ನೋಡಿ ಮುಖ ಸಣ್ಣ ಮಾಡಿಕೊಂಡು ಒಳಗೆ ಬರುತ್ತಿದ್ದ. ತಮ್ಮ ಕದ್ದಿಲ್ಲ ಎಂದು ಆ ಗೆರೆ ದಿನಾ ಬೆಳಗ್ಗೆ ಅವನಿಗೆ ಹೇಳುತ್ತಿತ್ತು. ಅಮ್ಮ ರಂಗೋಲಿಯನ್ನು ನಾಲ್ಕು ಎಳೆಗೆ ನಿಲ್ಲಿಸಿಬಿಟ್ಟಳು. ಹನಿ ಬೀಳದ ಆ ನೆಲದ ಮೇಲೆ ಮತ್ತೆ ನವಿಲು ಬರಲಿಲ್ಲ.

ಹೋಗಿ ಕರೆದುಕೊಂಡು ಬಾ ಎಂದು ಅಜ್ಜಿ ಪೀಡಿಸಿ ಪೀಡಿಸಿ, ಅಪ್ಪ ಕೊನೆಗೆ ಚಿಕ್ಕಜಾಲಕ್ಕೆ ಹೊರಟ. ಅಲ್ಲಿನ ಕಲ್ಲು ಕ್ವಾರಿಯೊಂದರಲ್ಲಿ ಚಿಕ್ಕಪ್ಪ ಟಿಪ್ಪರ್ ಓಡಿಸುತ್ತಿದ್ದಾನೆಂದು ಸುದ್ದಿ ಸಿಕ್ಕಿತ್ತು. ನನ್ನನ್ನೂ ಕರೆದುಕೊಂಡು ಲಾರಿಯಲ್ಲೇ ಹೋದ. ಹೆಬ್ಬಾಳ ದಾಟಿ, ಯಲಹಂಕ ದಾಟಿ, ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿತ್ತು. ಹೇಳಬೇಕಾದ ಮಾತನ್ನು ಉರು ಹೊಡೆಯುತ್ತಿದ್ದಾನೆಂದು ನನಗೆ ಅರ್ಥವಾಗಿತ್ತು, ಏಕೆಂದರೆ ನಾನೂ ಪದ್ಯವನ್ನು ಹಾಗೇ ಬಾಯಿಪಾಠ ಮಾಡುತ್ತಿದ್ದೆ. ಚಿಕ್ಕಪ್ಪ ಮೈಯೆಲ್ಲ ಕಲ್ಲುಪುಡಿ ಮೆತ್ತಿಕೊಂಡು ಬಂದ. ನನ್ನನ್ನು ಎತ್ತಿಕೊಂಡ. ಟೀ ಅಂಗಡಿಯ ಬೆಂಚಿನ ಮೇಲೆ ಮೂವರೂ ಕೂತೆವು. ಅಪ್ಪ ಶುರುಮಾಡಿದ. ಪೈಪು ಎಷ್ಟು ದಪ್ಪ, ಡಬ್ಬ ಎಂಥದ್ದು, ನಾರು ಯಾಕೆ, ತಳದ ಪೈಪು ಎಲ್ಲಿ ಸೇರುತ್ತದೆ, ಎಲ್ಲ ಹೇಳಿದ. ನಿಮ್ಮ ಟಿಪ್ಪರಿಗೂ ಹೀಗೇ ಮಾಡಿಸು, ಆಯಿಲ್ ಉಳಿಯುತ್ತೆ ಎಂದ. ಚಿಕ್ಕಪ್ಪ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಅಪ್ಪನ ಮುಖವನ್ನೇ ನೋಡುತ್ತಾ ಕೇಳಿದ.

"ಮೀಸೆ ಎಲ್ಲಣ್ಣಾ?"

"ಇಂಜಿನ್ನೇ ಕುಡೀತಿತ್ತು ಕಣೋ."

"ಹೂಂ. ಅದನ್ ಹೇಳಕ್ ಬಂದ್ಯಾ?"

"ಹೂಂ."

"ಅಷ್ಟೇನಾ ಅಣ್ಣಾ?"

ಅಪ್ಪ ಟೀ ಲೋಟದ ತಳ ನೋಡಿದ. ಬಾಯಿ ತೆರೆದದ್ದನ್ನು ನಾನು ಕಂಡೆ. ದಾರಿಯುದ್ದಕ್ಕೂ ಉರು ಹೊಡೆದ ಮಾತು ನಾಲಿಗೆಯ ತುದಿಗೆ ಬಂದಿತ್ತು, ಖಂಡಿತ ಬಂದಿತ್ತು.

"ಅಷ್ಟೇ ಕಣೋ. ಅವ್ವ ಕೇಳ್ತಿರ್ತಾಳೆ ನಿನ್ನ. ಬಿಡುವಾದಾಗ ಬಾ."

ಬಿಡುವಾದಾಗ ಬಂದ ಚಿಕ್ಕಪ್ಪ. ಅಜ್ಜಿ ಸತ್ತಾಗ ಬಂದು ಹೆಣಕ್ಕೆ ಹೆಗಲು ಕೊಟ್ಟ, ನನ್ನ ಮದುವೆಯಲ್ಲಿ ಓಡಾಡಿ ಬಡಿಸಿದ, ಅಪ್ಪನ ಸೊಂಟಕ್ಕೆ ಎಣ್ಣೆ ತಂದುಕೊಟ್ಟ. ನೆಂಟನ ಹಾಗೆ ಬಂದ, ನೆಂಟನ ಹಾಗೆ ಹೋದ. ಚಿಕ್ಕಜಾಲದಲ್ಲೇ ಮನೆ ಮಾಡಿದ, ಮದುವೆಯಾದ. ಉದ್ದನೆಯ ಕೋಣೆಯ ಮಂಚದ ಮೇಲೆ ಮತ್ತೆ ಮಲಗಲಿಲ್ಲ. ನಾನು ದೊಡ್ಡವಳಾಗಿ ಪೀಣ್ಯದ ಫ್ಯಾಕ್ಟರಿಯೊಂದರ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ತಲೆ ನೆರೆಸಿಕೊಂಡೆ. ಸಾಮಾನು ಕಮ್ಮಿ ಬಂದಾಗ ಹುಡುಗರನ್ನು ಕೇಳುವ ಮೊದಲು ತಕ್ಕಡಿ ನೋಡುತ್ತಿದ್ದೆ, ಮೂಟೆಯ ತಳ ನೋಡುತ್ತಿದ್ದೆ, ಇಲಿ ಬಿಲ ನೋಡುತ್ತಿದ್ದೆ. ಮೇಡಂ ಕದ್ದವನನ್ನು ಹಿಡಿಯುವುದು ಬಿಟ್ಟು ಇಲಿ ಹಿಡಿಯುತ್ತಾರೆ ಎಂದು ನನ್ನ ಹಿಂದೆ ನಗುತ್ತಿದ್ದರು, ನಗಲಿ.

ಹೋದ ವರ್ಷ ಅಪ್ಪ ತೀರಿಕೊಂಡ. ಹಳೇ ಮನೆ ರಸ್ತೆಗೆ ಹೋದ ಮೇಲೆ ಅಪ್ಪ ಅಮ್ಮ ಯಲಹಂಕದಲ್ಲಿದ್ದರು. ತಿಥಿಯ ದಿನ ಎಲ್ಲರ ಊಟವಾದ ಮೇಲೆ ಚಿಕ್ಕಪ್ಪ ನನ್ನ ಪಕ್ಕ ಬಂದು ಕೂತ. ಅವನಿಗೂ ಈಗ ಕೈ ನಡುಗುತ್ತದೆ. ಅಣ್ಣ ಕೊನೆಯಲ್ಲಿ ಏನಾದರೂ ಅಂದನೇ ಎಂದು ಕೇಳಿದ. ಸುಳ್ಳು ಹೇಳಬಹುದಿತ್ತು, ಅವನ ಮುಖ ನೋಡಿ ಆಗಲಿಲ್ಲ. ಇಲ್ಲ ಚಿಕ್ಕಪ್ಪ ಎಂದೆ. ಆಮೇಲೆ ಅಟ್ಟದಿಂದ ಆ ಡಬ್ಬ ಇಳಿಸಿ ತಂದು ಅವನ ಮಡಿಲಲ್ಲಿಟ್ಟೆ. ಲಾರಿ ಮಾರಿದರೂ, ಮನೆ ಬದಲಾಯಿಸಿದರೂ ಅಪ್ಪ ಅದನ್ನು ಬಿಟ್ಟಿರಲಿಲ್ಲ. ಒಳಗೆ ಏನನ್ನೂ ಇಡಲೂ ಇಲ್ಲ. ತಂತಿ ತುಕ್ಕು ಹಿಡಿದಿತ್ತು, ಟ್ಯೂಬು ಕಲ್ಲಾಗಿತ್ತು, ಮುಚ್ಚಳದ ಗಂಟು ಮಾತ್ರ ಬಿಚ್ಚಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚಿಕ್ಕಪ್ಪ ಕನ್ನಡಕ ಮೇಲೆತ್ತಿ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಚ್ಚಳದ ಮೇಲಿನ ಮೊಳೆ ತೂತನ್ನು ಬೆರಳಿನಿಂದ ಸವರಿದ. ನಮ್ಮ ಮನೆಯವರು ಇಷ್ಟು ವರ್ಷ ಕಾದಿದ್ದ ಮಾತು ಅಪ್ಪನ ಬಾಯಿಂದ ಬರಬೇಕಿತ್ತು. ಬಂದದ್ದು ಚಿಕ್ಕಪ್ಪನ ಬಾಯಿಂದ.

"ನಂದೇ ತಪ್ಪು ಕಣವ್ವಾ. ಈ ತೂತು ಇನ್ನೊಂಚೂರು ದೊಡ್ಡದು ಮಾಡಿದ್ರೆ ಆಗ್ತಿತ್ತು."